ದೊರೆ ಸೋಫಾ ಬಿಚ್ಚಿದ ಬೂಬಮ್ಮ

ಬೂಬಮ್ಮನ ಎರಡೂ ಅಂಗೈಗಳ ಅಂಚಿನಲ್ಲಿ, ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಕುಡುಗೋಲಲ್ಲಿ ಕಚ್ಚು ಹಾಕಿದಂತೆ ಗೆರೆಗಳಿದ್ದವು. ಮೇಣ ಹಚ್ಚಿದ ದಾರವನ್ನು ಕೈಗೆ ಸುತ್ತಿಕೊಂಡು ಜಗ್ಗಿ ಜಗ್ಗಿ ಬಿದ್ದ ಗೆರೆಗಳು. ಎಷ್ಟು ತೊಳೆದರೂ ಅದರೊಳಗಿನ ಕಪ್ಪು ಹೋಗುತ್ತಿರಲಿಲ್ಲ. ಹಬ್ಬಕ್ಕೆ ಗೋರಂಟಿ ಹಾಕಿಕೊಂಡರೆ ಕೈಯೆಲ್ಲ ಕೆಂಪಾಗಿ, ಆ ಗೆರೆಗಳಷ್ಟೇ ಕಪ್ಪಾಗಿ ಉಳಿಯುತ್ತಿದ್ದವು. ಯಾರಾದರೂ ದಿಟ್ಟಿಸಿದರೆ ಕೈ ಬಚ್ಚಿಡುವವಳಲ್ಲ ಅವಳು. ನೋಡಿದವರ ಮೂಗಿನ ಹತ್ತಿರಕ್ಕೇ ಹಿಡಿದು, "ಸಂದಾಗಿ ನೋಡ್ಕಳವ್ವ. ಕೈಮ್ಯಾಗಳ ಗೆರೆ ನಾನೇ ಬರ್ಕಂಡೋಳು" ಎನ್ನುತ್ತಿದ್ದಳು.

ಮದ್ದೂರು ಪೇಟೆಯಲ್ಲಿ ನಮ್ಮ ಹಿತ್ತಿಲಿಗೂ ಅವಳ ಹಿತ್ತಿಲಿಗೂ ನಡುವೆ ಒಂದು ಮಣ್ಣಿನ ಗೋಡೆ. ಮಳೆಗೆ ಕರಗಿ ಬಿದ್ದ ಕಡೆ ಒಬ್ಬರು ನುಸುಳುವಷ್ಟು ಸಂದು. ಅವಳ ಗಂಡ ರೈಲ್ವೆ ಸ್ಟೇಷನ್ನಿನಿಂದ ಜಟಕಾ ಹೊಡೆಯುತ್ತಿದ್ದರು. ರೈಲಿಲ್ಲದ ಹೊತ್ತಿನಲ್ಲಿ ಗಂಡಹೆಂಡಿರು ಎದುರುಬದುರು ಕೂತು ಕುದುರೆಗಳಿಗೆ ಜೀನು, ಲಗಾಮು, ಗಾಡಿಗೆ ಮೆತ್ತೆ ಹೊಲೆಯುತ್ತಿದ್ದರು. ಊರಿಗೆಲ್ಲ ಅವರು ಜಟಕಾ ಸಾಬರು, ಅವಳು ಬೂಬಮ್ಮ. ಅವಳ ನಿಜವಾದ ಹೆಸರು ಹೇಳಿ ಕರೆದವರನ್ನು ನಾನು ಕಾಣೆ.

ಕುದುರೆಗೆ ಉರ್ದುವಿನಲ್ಲಿ ಮಾತಾಡುತ್ತಿದ್ದಳು, ನಮ್ಮೊಂದಿಗೆ ನಮ್ಮ ಕನ್ನಡದಲ್ಲಿ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಕುದ್ರೆ ಮರ್ವಾದೆ ಇರೋ ಪ್ರಾಣಿ ಕಣಮ್ಮಿ" ಎಂದಳು. ಜಂಬಕ್ಕೂ ಕೊರತೆ ಇರಲಿಲ್ಲ. ಮೈಸೂರು ಅರಮನೆಯ ಕುದುರೆಗೆ ಜೀನು ಹೊಲೆದವನು ನಮ್ಮಪ್ಪ ಎಂದು ಒಂದು ದಿನ ಹೇಳಿದರೆ, ನಮ್ಮ ತಾತ ಎಂದು ಇನ್ನೊಂದು ದಿನ. ನಮ್ಮತ್ತೆ ಹಿಡಿದು ಕೇಳಿದರೆ, "ಇಬ್ರೂ ಒಲ್ದವ್ರೆ ಬುಡಿ. ಅರಮನೇಲಿ ಇದ್ದುದ್ದು ಒಂದೇ ಕುದ್ರೆಯಾ?" ಎಂದು ಎಲೆಯಡಿಕೆ ಬಾಯಲ್ಲಿ ನಗುತ್ತಿದ್ದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಕೂತರೆ ಸಾಲು ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಆದರೂ ಬರೆಯದೆ ಇರಲಾರೆ, ಅಷ್ಟು ಸಂತೋಷವಾಗಿದೆ ನನಗೆ. ಹೋದ ವಾರ ನನ್ನ ಮೊಮ್ಮಗಳು ಮಂಡ್ಯದಲ್ಲಿ ಹೊಸ ಮನೆಗೆ ಒಕ್ಕಲಾದಳು. ನಡುಮನೆಯಲ್ಲಿ ಅವಳು ಇಟ್ಟುಕೊಂಡಿರುವುದು ನಮ್ಮ ಮಾವನವರ ಕಾಲದ ತೊಗಲಿನ ಸೋಫಾ. ಬಂದವರೆಲ್ಲ ಅದರ ಮೇಲೆ ಕೈಯಾಡಿಸಿ, ಇಂಥದ್ದು ಈಗ ಎಲ್ಲಿ ಸಿಗುತ್ತೆ ಎಂದು ಕೇಳಿದ್ದೇ ಕೇಳಿದ್ದು. ನನಗೆ ಆ ಮಾತಲ್ಲೇ ಹೊಟ್ಟೆ ತುಂಬಿ ಎಲೆ ಮುಂದೆ ಕೂತರೂ ಊಟ ಇಳಿಯಲಿಲ್ಲ. ಆ ಸೋಫಾ ಉಳಿದಿದ್ದು ಯಾರಿಂದ, ಅದರ ಜೊತೆಗೆ ನಾನು ಆ ಮನೆಯಲ್ಲಿ ಉಳಿದಿದ್ದು ಯಾರಿಂದ ಎಂದು ಹೇಳಲೇಬೇಕು.

ನಾಲೆ ಕೆಲಸಕ್ಕೆ ಬಂದಿದ್ದ ಒಬ್ಬ ಬಿಳಿ ಇಂಜಿನಿಯರ್ ದೊರೆ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನನ್ನೆಲ್ಲ ಹರಾಜು ಹಾಕಿದನಂತೆ. ಬೇರೆಯವರು ದೀಪ, ಪಿಂಗಾಣಿ ತಟ್ಟೆ ಹಿಡಿದು ಬಂದರೆ ನಮ್ಮ ಮಾವ ಎತ್ತಿನ ಗಾಡಿಯ ಮೇಲೆ ಸೋಫಾ ಹೇರಿಕೊಂಡು ಬಂದರು. ಸತ್ತ ದನದ ತೊಗಲು ಒಳಗೆ ಬರಕೂಡದು ಎಂದು ದೊಡ್ಡವ್ವ, ಎಂದರೆ ಮಾವನವರ ತಾಯಿ, ಬಾಗಿಲಿಗೆ ಅಡ್ಡ ಕೂತರು. ಹಾಗಾಗಿ ಅದು ಪಡಸಾಲೆಯಲ್ಲೇ ನಿಂತಿತು. ಮಾವ ದಿನಾ ಸ್ನಾನ ಮಾಡಿ ಅದರ ತುದಿಯಲ್ಲಿ ಕೂರುವರು. ಬೆನ್ನು ಒರಗಿಸುತ್ತಿರಲಿಲ್ಲ, ಎಲ್ಲಿ ಸವೆದುಹೋಗುತ್ತದೋ ಎಂದು.

ನನ್ನ ತೌರು ಹನಕೆರೆ. ಅವ್ವ ನಾನು ಚಿಕ್ಕವಳಿರುವಾಗಲೇ ಹೋದಳು. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡ ಮೇಲೆ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಬೂದು ಬಣ್ಣದ ಬೆಕ್ಕು. ಯುದ್ಧದ ಕಾಲದಲ್ಲಿ ನಾನು ಸೊಸೆಯಾಗಿ ಮದ್ದೂರಿಗೆ ಬಂದಾಗ ಅದನ್ನೂ ಬುಟ್ಟಿಯಲ್ಲಿಟ್ಟುಕೊಂಡು ರೈಲಿನಲ್ಲಿ ತಂದೆ. ನಗುವವರೆಲ್ಲ ನಕ್ಕರು. ಅತ್ತೆ ಮಾತ್ರ, ಕಣಜದಲ್ಲಿ ಇಲಿ ಜಾಸ್ತಿಯಾಗಿದೆ, ಇರಲಿ ಎಂದು ಒಪ್ಪಿದರು. ಮಾವ ಬೆಕ್ಕನ್ನೂ ನನ್ನನ್ನೂ ಒಮ್ಮೆ ನೋಡಿ, "ಇರ್ಲಿ ಬುಡು. ನನ್ ಸೋಪದ್ ಮ್ಯಾಲೆ ಏನಾರಾ ಗಲೀಜು ಮಾಡ್ತು ಅಂದ್ರೆ ಬೆಕ್ಕೂ ತಂದೋಳೂ ಒಂದೇ ಬುಟ್ಟೀಲಿ ಅನಕೆರೆಗೆ" ಎಂದರು. ಬೇರೆಯವರಿಗೆ ಅದು ತಮಾಷೆ. ನನಗೆ ಅಲ್ಲ. ಹನಕೆರೆಯಲ್ಲಿ ನನಗೆ ಬಾಗಿಲು ತೆಗೆಯುವವರು ಯಾರಿದ್ದರು? ನನ್ನ ಯಜಮಾನರು ಮಂಡ್ಯದಲ್ಲಿ ಕೆಲಸದಲ್ಲಿದ್ದರು, ಭಾನುವಾರ ಬಂದು ಹೋಗುವರು. ತಮ್ಮ ಅಪ್ಪನೆದುರು ಬಾಯಿಬಿಡುವವರಲ್ಲ.

ಒಂದು ಸಲ ಮಾವ ಜಮೀನಿನ ವ್ಯಾಜ್ಯದ ಮೇಲೆ ಮೈಸೂರಿಗೆ ಹೋದರು. ಶನಿವಾರದ ರೈಲಿಗೆ ಬರುತ್ತೇನೆಂದು ಹೇಳಿದ್ದರು. ಬೆಕ್ಕು ಆಗ ತುಂಬು ಬಸುರಿ. ಜಾಗ ಹುಡುಕುತ್ತಾ ಮನೆಯೆಲ್ಲ ಅಲೆಯುತ್ತಿತ್ತು. ಬೆಳಿಗ್ಗೆ ಪಡಸಾಲೆ ಗುಡಿಸಲು ಹೋದೆ, ಸೋಫಾದ ಬಲಮೂಲೆ ಒದ್ದೆ. ಆ ವಾಸನೆ ಹೇಳಬೇಕಾಗಿಲ್ಲ, ಬೆಕ್ಕು ಸಾಕಿದವರಿಗೆ ಗೊತ್ತು.

ನಾನು ಬಾಯಿಬಿಡುವ ಮೊದಲೇ ದೊಡ್ಡವ್ವನ ಮೂಗಿಗೆ ಹೋಯಿತು. ಮೈಲಿಗೆಗೆ ನಮ್ಮ ಮನೆಯಲ್ಲಿ ಒಂದೇ ಮದ್ದು. ಕೊಟ್ಟಿಗೆಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ಗಂಜಲ ಹಿಡಿದು ತಂದರು. ಮಾವಿನೆಲೆಯಲ್ಲಿ ಚಿಮುಕಿಸಿದರೆ ಸಾಲದು ಎಂದು ಕಂಡಿತೋ ಏನೋ, ಮಿಕ್ಕಿದ್ದನ್ನು ಮೂಲೆಗೆ ಸುರಿದೇಬಿಟ್ಟರು. "ಈಗ ಸುದ್ದವಾಯ್ತು" ಎಂದರು. ಅತ್ತೆ ಗಾಬರಿಯಿಂದ ಸೀಗೆಪುಡಿ ಹಾಕಿ ಬಿಸಿನೀರಲ್ಲಿ ಉಜ್ಜಿದರು. ನಾನು ಬಿಸಿಲಿಗೆ ಎಳೆದೆ. ಮೂವರೂ ಸೇರಿ ಮಾಡಬಾರದ್ದನ್ನೆಲ್ಲ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ತೊಗಲು ಹಪ್ಪಳದಂತೆ ಸೆಟೆದು, ವಾಸನೆ ಬೀದಿಗೆ ಬಂತು. ಸಂಜೆ ಒಳಗೆ ತಂದಿಟ್ಟೆವು. ಬೆಕ್ಕು ಬಂದು ಮೂಸಿತು, ಇದು ನನ್ನದೇ ಜಾಗ ಎಂದು ತಿಳಿಯಿತೇನೋ, ನಮ್ಮ ಕಣ್ಣೆದುರಿಗೇ ಮತ್ತೊಮ್ಮೆ ಕೂತು ಎದ್ದಿತು.

ಅತ್ತೆ ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ನಿಮ್ಮಾವ ಬರೋ ವೊತ್ಗೆ ಈ ವಾಸ್ನೆ ಓಗಿರ್ಬೇಕು. ಇಲ್ದಿದ್ರೆ ಬೆಕ್ಕ ಗೋಣಿಚೀಲಕ್ಕಾಕಿ ಶಿಂಷಾ ಒಳೆ ಆಚೆಗ್ ಬುಡುಸ್ತೀನಿ. ನಿನ್ ಇಚಾರ ನಾ ಏನೂ ಯೋಳಾಕಿಲ್ಲ, ಅದು ನಿಮ್ಮಾವುಂಗೆ ಬುಟ್ಟಿದ್ದು."

ಬೂಬಮ್ಮ ದಿನಾ ಬೆಳಿಗ್ಗೆ ಗೋಡೆಯ ಸಂದಿನಿಂದ ಮಜ್ಜಿಗೆಗೆ ಬರುತ್ತಿದ್ದಳು. ಮಾರನೆಯ ದಿನ ಬಂದವಳು ಹಿತ್ತಿಲಲ್ಲೇ ನಿಂತು ಮೂಗೆಳೆದಳು. ನಾನು ಬಾವಿಕಟ್ಟೆ ಮೇಲೆ ಕೂತು ಅಳುತ್ತಿದ್ದೆ.

"ಯಾಕಮ್ಮಿ, ಬೆಕ್ಕು ಸತ್ತೋಯ್ತಾ?"

"ಇನ್ನೂ ಇಲ್ಲ" ಎಂದೆ. ಎಲ್ಲವನ್ನೂ ಹೇಳಿದೆ. ಗಂಜಲದ ತನಕ ಬಂದಾಗ ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಗುತ್ತಲೇ ನೇರ ಪಡಸಾಲೆಗೆ ಬಂದಳು. ದೊಡ್ಡವ್ವ ಬಾಗಿಲಲ್ಲಿ ಕೂತಿದ್ದರು.

"ಏನ್ ಅಜ್ಜಮ್ಮ, ಬೆಕ್ಕು ಉಯ್ದಿದ್ದು ಸಾಲ್ದು ಅಂತ ಅಸುನ ಕೈಲೂ ಉಯ್ಸಿದ್ದೀರಲ್ಲ" ಎಂದಳು.

"ನಿಂಗೇನ್ ಗೊತ್ತಮ್ಮಿ ಸುದ್ದ" ಎಂದರು ದೊಡ್ಡವ್ವ.

"ಸುದ್ದ ನಂಗೊತ್ತಿಲ್ಲ. ತೊಗ್ಲು ಗೊತ್ತು."

ಸೋಫಾದ ಮುಂದೆ ಕುಕ್ಕರುಗಾಲಲ್ಲಿ ಕೂತು, ಆ ಗೆರೆಬಿದ್ದ ಅಂಗೈಯನ್ನು ಮೂಲೆಯ ಮೇಲಿಟ್ಟಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಿತ್ತು. ಉಜ್ಜಿದ ಕಡೆ ಬಣ್ಣ ಮಾಸಿದ್ದನ್ನು ಕಂಡು ಅತ್ತೆಯ ಕಡೆ ತಿರುಗಿ, "ತೊಗ್ಲು ಸತ್ತಿರಾಕಿಲ್ಲ ಕಣವ್ವ, ಮನ್ಗಿರ್ತದೆ. ಉಜ್ಜುದ್ರೆ ಮುನಿಸ್ಕತ್ತದೆ, ಬಿಸ್ಲಿಗಾಕುದ್ರೆ ಬಾಯ್ ಬುಡ್ತದೆ. ಒತ್ತಿ ಎತ್ಬೇಕು, ಅಷ್ಟೇಯ" ಎಂದಳು. ಈ ಮಾತನ್ನು ಆಮೇಲೆ ಎಷ್ಟು ಸಲ ಅವಳ ಬಾಯಲ್ಲಿ ಕೇಳಿದೆನೋ.

ತನ್ನ ಮನೆಯಿಂದ ಒಂದು ಜಾಡಿ ತಂದಳು. ಒಳಗೆ ಸಿರ್ಕಾ. ನಮ್ಮ ಕಡೆ ಆಲೆಮನೆಗೆ ಬರವೇ? ಕಬ್ಬಿನ ಹಾಲು ತಂದು ಮಡಕೆಯಲ್ಲಿ ಹುಳಿ ಬರಿಸಿ, ಸೋಸಿ, ವರ್ಷಗಟ್ಟಲೆ ಇಡುತ್ತಿದ್ದಳು. ತಣ್ಣೀರಿಗೆ ಒಂದಿಷ್ಟು ಅದನ್ನು ಬೆರೆಸಿ, ಹಳೇ ಪಂಚೆ ತುಂಡು ಅದ್ದಿ ಹಿಂಡಿ, ಮೂಲೆಯ ಮೇಲಿಟ್ಟು ಅಂಗೈಯಲ್ಲಿ ಒತ್ತಿದಳು. ಎತ್ತಿದಳು, ಮೂಸಿದಳು, ಮತ್ತೆ ಒತ್ತಿದಳು. ನನ್ನ ಕೈಗೂ ಒಂದು ತುಂಡು ಕೊಟ್ಟಳು. ಹೀಗೇ ಬೆಳಗೆಲ್ಲ ಹೋಯಿತು. ಮೇಲಿನ ವಾಸನೆ ಇಳಿಯಿತು. ಆದರೆ ಬಗ್ಗಿ ಮೂಗಿಟ್ಟರೆ ಒಳಗಿನಿಂದ ಬರುತ್ತಲೇ ಇತ್ತು.

"ಇದು ಚರ್ಮದಾಗಿಲ್ಲ. ಒಟ್ಟೇಲದೆ" ಎಂದವಳೇ ಸೊಂಟದ ಚೀಲದಿಂದ ಸಣ್ಣ ಚೂರಿ ತೆಗೆದಳು.

ಅತ್ತೆ ಓಡಿ ಬಂದು ಕೈ ಹಿಡಿದರು. "ಏ, ಏನ್ ಮಾಡ್ತಿದ್ದೀಯೆ? ದೊರೆ ಸೋಪ ಕಣೇ ಅದು."

"ದೊರೆ ಓದ. ಅವ್ನು ಬಂದ್ ಕೇಳಾಕಿಲ್ಲ."

"ಅವನಲ್ಲ, ನನ್ ಗಂಡ ಬಂದ್ ಕೇಳ್ತಾನೆ."

"ಕೇಳ್ಲಿ. ವಾಸ್ನೆ ಇದ್ರೆ ಎಂಗೂ ಕೇಳ್ತಾನೆ. ಬಿಚ್ಚುದ್ರೆ ಕೇಳ್ದೆ ಇದ್ರೂ ಇರ್ಬೋದು." ಚೂರಿ ಹಾಗೇ ಹಿಡಿದುಕೊಂಡು ಕಾದಳು.

ಅತ್ತೆ ನನ್ನನ್ನು ನೋಡಿದರು. ಬಿಚ್ಚಿ ಕೆಟ್ಟರೆ ಬರೀ ಬೆಕ್ಕಿನ ತಪ್ಪಲ್ಲ, ಮನೆಯ ಮೂವರು ಹೆಂಗಸರದೂ. ಆದರೂ ಹೇಳಿದೆ, "ಬಿಚ್ಚು ಬೂಬಮ್ಮ." ಆ ಮನೆಗೆ ಬಂದ ಮೇಲೆ ಯಾರನ್ನೂ ಕೇಳದೆ ನಾನು ಆಡಿದ ಮೊದಲ ಮಾತು ಅದು. ಅತ್ತೆ ಕೈ ಬಿಟ್ಟರು.

ಹೊಲಿಗೆ ಬಿಚ್ಚಿದರೆ ಒಳಗೆ ಕುದುರೆ ಕೂದಲು, ಸುರುಳಿ ಸುರುಳಿಯಾಗಿ. ಬೂಬಮ್ಮನ ಮುಖ ಅರಳಿತು, ಯಾರೋ ನೆಂಟರನ್ನು ಕಂಡಂತೆ. ಒದ್ದೆಯಾಗಿದ್ದನ್ನೆಲ್ಲ ಎಳೆದು, ಸಿರ್ಕಾ ನೀರಲ್ಲಿ ಅದ್ದಿ, ಬಾವಿಯ ನೀರಲ್ಲಿ ಜಾಲಿಸಿ, ಹಿತ್ತಿಲಲ್ಲಿ ಈಚಲು ಚಾಪೆಯ ಮೇಲೆ ಹರವಿದೆವು. ತೊಗಲಿನ ಒಳಮೈಗೆ ಅಕ್ಕಿಹಿಟ್ಟು ಉದುರಿಸಿದಳು, ಉಳಿದ ತೇವವನ್ನೂ ವಾಸನೆಯನ್ನೂ ಅದು ಕುಡಿಯಲಿ ಎಂದು. ಯುದ್ಧದ ಕಾಲ, ಅಕ್ಕಿಗೆ ಪರದಾಟ. ಅತ್ತೆ ಕಣ್ಣುಮುಚ್ಚಿಕೊಂಡು ಹಿಟ್ಟಿನ ಮಡಕೆ ತಂದಿಟ್ಟು ಒಳಗೆ ಹೋದರು.

ಕುದುರೆ ಕೂದಲಿಗೆ ಕಾಗೆ ಕಾಟ ಶುರುವಾಯಿತು, ಗೂಡಿಗೆ ಎಳೆದೊಯ್ಯಲು. ಯಾರು ಕಾಯುವುದು ಎಂದು ನಾವು ನೋಡುವಷ್ಟರಲ್ಲಿ ದೊಡ್ಡವ್ವ ಕೋಲು ಹಿಡಿದು ಚಾಪೆಯ ಪಕ್ಕ ಕೂತಿದ್ದರು. "ತೊಗ್ಲು ಮುಟ್ಟಾಕಿಲ್ಲ ನಾನು. ಇದು ಕೂದ್ಲು" ಎಂದರು. "ಬುಟ್ರೆ ಇದೆಲ್ಲಾ ಕೊಕ್ಕರೆ ಬೆಳ್ಳೂರ್ ಗೂಡ್ ಸೇರ್ಕತ್ತದೆ." ಅಲ್ಲೇ ಕೂತು ಮುದ್ದೆ ಉಂಡರು.

ತೊಗಲು ನೆರಳಲ್ಲಿ ಆರಿದ ಮೇಲೆ ಹೊಲೆಯಬೇಕು. ಅವರ ಹೊಲಿಗೆಯ ಕ್ರಮ ಬೇರೆ. ಒಂದು ದಾರಕ್ಕೆ ಎರಡು ತುದಿಯಲ್ಲಿ ಎರಡು ಸೂಜಿ. ಆ ಕಡೆಯಿಂದೊಂದು, ಈ ಕಡೆಯಿಂದೊಂದು, ಒಂದೇ ತೂತಿನಲ್ಲಿ ಹಾದು ಹೋಗಬೇಕು. ಮೆತ್ತೆ ದೊಡ್ಡದಾದರೆ ಇಬ್ಬರು ಬೇಕು. ಸಾಬರು ಸ್ಟೇಷನ್ನಿನಲ್ಲಿದ್ದರು. "ಕುಂತ್ಕೊ ಆ ಕಡೀಕೆ" ಎಂದಳು ನನಗೆ. ಗೌಡರ ಸೊಸೆ ತೊಗಲು ಹೊಲೆಯುವುದೇ? ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಬೀದಿ ಬಾಗಿಲು ಹಾಕಿ ಅಗಳಿ ಇಟ್ಟು ಬಂದರು. "ಊಂ, ಕುಂತ್ಕೊ" ಎಂದರು.

"ಒಸ ತೂತು ಮಾಡೀಯೆ ಜ್ವಾಕೆ. ಅಳೇ ತೂತಲ್ಲೇ ಓಗ್ಬೇಕು ಸೂಜಿ. ದೊರೆ ಕಡೆಯವ್ನು ಒಲ್ದಿದ್ದ ಅಂತ ಇರ್ಬೇಕು, ನಾವ್ ಬಿಚ್ಚಿದ್ವಿ ಅಂತ ಇರ್ಬಾರ್ದು" ಎಂದಳು ಬೂಬಮ್ಮ. ನನ್ನ ದಾರ ಸಡಿಲಾದರೆ ಸಾಕು, ಅವಳ ಕಡೆಯಿಂದ ಜಗ್ಗಿ ಎಚ್ಚರಿಸುತ್ತಿದ್ದಳು. "ಗಂಡನ್ ಮನೇಲಿ ಇರ್ಬೇಕು ಅನ್ನೋ ಆಸೆ ಇದ್ರೆ ಎಳಿ ಸಂದಾಗಿ." ನಾನು ಅಳುತ್ತಾ ನಗುತ್ತಾ ಎಳೆದೆ. ಕಿರುಬೆರಳ ಕೆಳಗೆ ಸೀಳಿ ರಕ್ತ ಬಂತು. ಅದನ್ನು ನೋಡಿ ಅವಳು, "ಊಂ, ಈಗ ನಮ್ಮೋಳಾದೆ" ಎಂದಳು.

ಕೊನೆಗೆ ಹರಳೆಣ್ಣೆಗೆ ಜೇನುಮೇಣ ಕರಗಿಸಿ ಸೋಫಾದ ಮೈಗೆಲ್ಲ ತೆಳ್ಳಗೆ ಸವರಿದೆವು. ಬರೀ ಮೂಲೆಗೆ ಹಚ್ಚಿದರೆ ಮೂಲೆ ತೋರಿಸಿಕೊಟ್ಟಂತಾಗುತ್ತದೆ ಎಂದು ಎಲ್ಲ ಕಡೆಗೂ. ಶನಿವಾರ ಅದು ಮಿಂದು ಬಂದ ಎಮ್ಮೆಯಂತೆ ಮಿರಮಿರ ಮಿಂಚುತ್ತಿತ್ತು.

ಮಧ್ಯಾಹ್ನ ಜಟಕಾ ಸದ್ದು. ಮಾವ ಇಳಿದು ಕೈಕಾಲು ತೊಳೆದು ಪಡಸಾಲೆಗೆ ಬಂದರು. ನಾನು ಬಾಗಿಲ ಹಿಂದೆ. ಮಾವ ಸೋಫಾದ ಮುಂದೆ ನಿಂತರು, ಕೂರಲಿಲ್ಲ. ಬಗ್ಗಿ ಎಡಮೂಲೆ ಮೂಸಿದರು. ನಡು ಮೂಸಿದರು. ಬಲಮೂಲೆಗೆ ಬಂದು ಮೊಣಕಾಲೂರಿ ಮೂಗನ್ನು ಹೊಲಿಗೆಗೇ ಇಟ್ಟರು.

"ಯಾವ್ ಮೂಲೇನಮ್ಮಿ?" ಎಂದರು ಅತ್ತೆಗೆ.

"ಯಾವ್ ಮೂಲೆ ಅಂದ್ರೆ?"

"ಬೆಕ್ಕು ಉಯ್ದಿದ್ದು. ಟೇಸನ್ನಿಂದ ಇಲ್ಗಂಟ ಸಾಬ್ರು ಅದೇ ಕತೆಯ. ಅವ್ರ್ ಎಂಡ್ರು ದೊರೆ ಸೋಪ ಬಿಚ್ಚಿದ್ಲಂತೆ, ನನ್ ಸೊಸೆ ಒಲುದ್ಲಂತೆ, ಅವ್ವ ಕಾಗೆ ಓಡುಸ್ತಿದ್ಲಂತೆ. ಪ್ಯಾಟೇಲೆಲ್ಲಾ ಗೊತ್ತು, ನಂಗೊಬ್ನಿಗೆ ಗೊತ್ತಿಲ್ಲ. ಯಾವ್ ಮೂಲೆ, ತೋರ್ಸಿ ನೋಡಾನ."

ಬೂಬಮ್ಮನ ಜಂಬ ನಮ್ಮನ್ನು ರೈಲು ನಿಲ್ಲುವ ಮೊದಲೇ ಹಿಡಿದುಕೊಟ್ಟಿತ್ತು. ಅತ್ತೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡರು. ದೊಡ್ಡವ್ವ ಬಾಗಿಲಲ್ಲಿ ಕೂತಲ್ಲಿಂದಲೇ, "ನೀನೇ ಉಡ್ಕ್ಲಾ. ನೀನ್ ತಾನೆ ತಂದೋನು" ಎಂದರು.

ಮಾವ ಮತ್ತೊಂದು ಸುತ್ತು ಮೂಸಿದರು. ಕಿಟಕಿ ತೆಗೆಸಿ ಬೆಳಕಿನಲ್ಲಿ ಹೊಲಿಗೆ ನೋಡಿದರು. ಸಿಗಲಿಲ್ಲ. ಅಷ್ಟರಲ್ಲಿ ಬೆಕ್ಕು ಹೊಟ್ಟೆ ಎಳೆಯುತ್ತಾ ಒಳಗೆ ಬಂತು. ಅದು ಬಲಮೂಲೆಯ ಹತ್ತಿರ ನಿಂತು ಮೂಗು ಚಾಚಿತು. ಸಿರ್ಕಾ, ಹರಳೆಣ್ಣೆ, ಮೇಣ. ಮೂಗು ಕೊಡವಿ, ಕಣಜದ ಕೋಣೆಯ ಕಡೆಗೆ ಹೊರಟುಹೋಯಿತು.

ಮಾವ ಆಗ ಕೂತರು. ತುದಿಯಲ್ಲಲ್ಲ, ಒಳಕ್ಕೆ ಸರಿದು, ಮೊದಲ ಸಲ ಬೆನ್ನು ಒರಗಿಸಿ. ಬಾಗಿಲ ಹಿಂದೆ ನಾನು ಬಿಕ್ಕುವುದು ಕೇಳಿಸಿತೇನೋ. "ಯಾಕವ್ವ ಅಳ್ತೀಯ? ನಾ ತಮಾಸೆಗಂದಿದ್ದು. ನಿನ್ನ ಅನಕೆರೆಗ್ ಕಳ್ಸುದ್ರೆ ಇದನ್ನ ನೋಡ್ಕಳೋರ್ ಯಾರು? ಇಲ್ಲೇ ಇರು" ಎಂದರು. ಇಲ್ಲೇ ಇರು. ಈ ಎರಡು ಮಾತಿಗೆ ನಾನು ಹುಟ್ಟಿದಾಗಿನಿಂದ ಕಾದಿದ್ದೆ ಅನಿಸಿತು. ಹಿತ್ತಿಲ ಗೋಡೆಯ ಸಂದಿನಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಬೂಬಮ್ಮ, "ಎಂಗದೆ ಗೌಡ್ರೆ ನಮ್ ಕೈ?" ಎಂದು ಅಲ್ಲಿಂದಲೇ ಕೂಗಿದಳು.

ಕೂಲಿಯಾಗಿ ಅವಳು ಕೇಳಿದ್ದು ಒಂದು ಬೆಕ್ಕಿನ ಮರಿ. ಅವಳ ಮನೆಯಲ್ಲೂ ಇಲಿಗಳು ಲಗಾಮು ಕಡಿಯುತ್ತಿದ್ದವಂತೆ. ಬೆಕ್ಕು ಕಣಜದ ಕೋಣೆಯಲ್ಲಿ ಮರಿ ಹಾಕಿತು; ಅವು ಕಣ್ಣುಬಿಟ್ಟ ಮೇಲೆ ಅವಳತ್ತ ಬುಸ್ಸೆಂದದ್ದನ್ನೇ ಆರಿಸಿ, "ಇದುಕ್ಕೆ ರೋಸ ಅದೆ" ಎಂದು ಮಡಿಲಿಗೆ ಹಾಕಿಕೊಂಡು ಹೋದಳು. ಅಂದಿನಿಂದ ಮಧ್ಯಾಹ್ನದ ಕೆಲಸ ಮುಗಿದರೆ ನಾನು ಆ ಸಂದಿನಿಂದ ನುಸುಳಿ ಅವಳೆದುರು ಕೂರುತ್ತಿದ್ದೆ. ಎರಡು ಸೂಜಿಯ ಹೊಲಿಗೆ ಕಲಿತೆ, ಜೀನಿನ ಮೆತ್ತೆ ತುಂಬುವುದು ಕಲಿತೆ. ಗೌಡರ ಸೊಸೆ ಹೀಗೆ ಮಾಡಬಹುದೇ ಎಂದು ಬೀದಿಯ ಒಬ್ಬಳು ಅತ್ತೆಯ ಹತ್ತಿರ ಬಂದು ಆಡಿದಳು. ಅತ್ತೆ, "ನಿಮ್ ಮನೇಲೂ ಸೋಪ ಇದ್ರೆ ಯೋಳಮ್ಮಿ, ಕಳುಸ್ಕೊಡ್ತೀನಿ" ಎಂದು ಕಳಿಸಿದರು. ಆ ಮಾತು ನೆನೆದರೆ ಈಗಲೂ ಎದೆ ಉಬ್ಬುತ್ತದೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಯಾರೋ ಅವಳನ್ನು, ನೀವೂ ಆ ಕಡೆ ಹೊರಡುತ್ತೀರಾ ಎಂದು ಕೇಳಿದರು. "ನಮ್ ಕುದ್ರೆಗೆ ಮಳವಳ್ಳಿ ಆಚೆ ದಾರಿ ಗೊತ್ತಿಲ್ಲ. ಅದುನ್ ಬುಟ್ ಎಲ್ಗೋಗ್ಲಿ" ಎಂದಳು, ದಾರಕ್ಕೆ ಮೇಣ ಎಳೆಯುತ್ತಲೇ. ಬಸ್ಸುಗಳು ಹೆಚ್ಚಾಗಿ ಜಟಕಾಕ್ಕೆ ಜನವಿಲ್ಲವಾದಾಗ ಬಸ್ಸಿನ ಸೀಟು ಹೊಲೆದಳು. ಆ ಸೀಟುಗಳ ಬಗ್ಗೆಯೂ ಅಷ್ಟೇ ಜಂಬ. ಸಾಯುವ ಕಾಲಕ್ಕೆ ಕಣ್ಣು ಮಂಜಾಗಿತ್ತು. ನಾನು ಪಕ್ಕದಲ್ಲಿ ಕೂತಾಗ ನನ್ನ ಕೈ ಹಿಡಿದು ಅಂಚನ್ನು ಹೆಬ್ಬೆರಳಲ್ಲಿ ಸವರಿ, "ಗೆರೆ ಸಾಲ್ದು, ಇನ್ನೂ ಒಲಿ" ಎಂದಳು. ಮಾರನೆಯ ದಿನ ಹೋದಳು. ನಮ್ಮತ್ತೆ ಯಾರ ಸಾವಿಗೂ ಅಷ್ಟು ಅತ್ತದ್ದನ್ನು ನಾನು ನೋಡಿಲ್ಲ.

ಎಷ್ಟೋ ವರ್ಷದ ಮೇಲೆ ನನ್ನ ಮಗನ ಮದುವೆಯಾಯಿತು. ಸೊಸೆ ಬಂದ ದಿನ ಅವಳ ಹಿಂದೆಯೇ ಒಂದು ನಾಯಿಮರಿ ಬಂತು, ಕೊರಳಿಗೆ ಕೆಂಪು ದಾರ ಕಟ್ಟಿಕೊಂಡು. ತೌರಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. ನೆಂಟರೆಲ್ಲ ಕೂತಿರುವಾಗ ಅದು ನೇರ ಸೋಫಾದ ಮೇಲೆ ಹತ್ತಿ, ನಡುವಿಗೇ ಸರಿಯಾಗಿ ಮಾಡಬೇಕಾದ್ದು ಮಾಡಿತು. ಆ ಹುಡುಗಿ ಅರಿಸಿನದ ಕೈಯಲ್ಲಿ ಸೆರಗು ಹಿಡಿದು ಉಜ್ಜಲು ಹೋದಳು. ನಾನು ಅವಳ ಕೈ ಹಿಡಿದೆ, ನಾಯಿಮರಿಯನ್ನೆತ್ತಿ ಅವಳ ಮಡಿಲಿಗೆ ಕೊಟ್ಟೆ, ಸೊಂಟಕ್ಕೆ ಸೆರಗು ಸಿಕ್ಕಿಸಿ ಸೋಫಾದ ಮುಂದೆ ಕೂತೆ.